ಮಾಲಗಾಡಿಯ ಹಳಿಗೆ ಬಿಟ್ಟ ಪಟ್ಟಿ

ಲಡಾಯಿಯ ಕಾಲ. ನನ್ನ ಮಗಳಿಗೆ ಗಂಟಲು ಕಟ್ಟಿತ್ತು, ನೀರೂ ಇಳಿಯುತ್ತಿರಲಿಲ್ಲ. ಇನ್ನೂ ಹಾಲುಹಲ್ಲು ಬಿದ್ದಿರದ ಕೂಸು. ಕಲಬುರ್ಗಿ ದವಾಖಾನೆಗೆ ಮುಟ್ಟಿಸಿದರೆ ಉಳಿಯುತ್ತಾಳೆ ಎಂದು ಹಕೀಮ ಹೇಳಿದ. ನಮ್ಮದು ಅಫಜಲಪುರ ಸೀಮೆ. ನಾನೂ ಗಂಡನೂ ಚಕ್ಕಡಿಯಲ್ಲಿ ಟೇಶನ್ನಿಗೆ ಹೋಗಿ ಪ್ಯಾಸೆಂಜರ್ ಹತ್ತಿದೆವು. ಕಲಬುರ್ಗಿ ಇನ್ನೇನು ಬಂತು ಅನ್ನುವಾಗ ಗಾಡಿಯನ್ನು ಪಕ್ಕದ ಹಳಿಗೆ ತಂದು ನಿಲ್ಲಿಸಿದರು. ಒಂದು ಮಾಲಗಾಡಿ ಹೋಯಿತು. ಹಿಂದೆಯೇ ಇನ್ನೊಂದು. ಗಂಡ ಇಳಿದು ಹೋಗಿ ಗಾರ್ಡನ ಕಾಲು ಹಿಡಿದ.

“ನಾ ಏನ್ ಮಾಡ್ಲೋ ಯಪ್ಪಾ? ಹಳಿ ಒಂದೇ ಅದ. ಲಡಾಯಿ ಮಾಲು ಮೊದಲು, ಮಂದಿ ಆಮ್ಯಾಲ,” ಅಂದ ಗಾರ್ಡ.

ಹೊತ್ತು ಇಳಿಯುವತನಕ ಗಾಡಿ ನಿಂತಿತ್ತು. ಕೂಸು ನನ್ನ ತೊಡೆಯ ಮೇಲೆಯೇ ಹೋಯಿತು. ಗಾಡಿ ಅಲುಗಾಡಿದಾಗ ಎದುರಿಗೆ ಕುಳಿತಿದ್ದ ಮುದುಕಿ, “ಹೊಂಟಿತು ನೋಡವ್ವ. ಇನ್ನ ಅಂಜಬ್ಯಾಡ,” ಅಂದಳು. ಕೂಸು ಹೋದದ್ದು ಆಕೆಗೆ ಗೊತ್ತಿರಲಿಲ್ಲ.

ಮರುವರ್ಷ ಜೋಳ ಆಳೆತ್ತರ ನಿಂತಾಗ ಅಳತೆಗೆಂದು ಒಬ್ಬ ಸಾಹೇಬ ದುರ್ಬೀನು, ಸರಪಳಿ, ಕೆಂಪು ಬಾವುಟಗಳೊಂದಿಗೆ ನಮ್ಮ ಹೊಲಕ್ಕೆ ಬಂದ. ಸರಪಳಿ ಎಳೆಯುವವನು ಜೇವರ್ಗಿ ಕಡೆಯ ಕೊಳಕೂರಿನವನು. ಸಾಹೇಬನ ಉರ್ದುವನ್ನು ನಮಗೆ ಕನ್ನಡದಲ್ಲಿ ಹೇಳುವವನೂ ಅವನೇ. ಮಾಲಗಾಡಿಗೇ ಬೇರೆ ಹಳಿ ಹಾಕುತ್ತಾರಂತೆ. ಅದು ಕಲಬುರ್ಗಿಗೆ ಹೋಗದೆ, ನಮ್ಮ ಹೊಲ ಹಾದು, ಭೀಮೆ ದಾಟಿ ಜೇವರ್ಗಿ ಮೇಲೆ ಹೋಗುತ್ತದಂತೆ. ದುರ್ಬೀನಿಗೆ ಆಚೆಯ ಬಾವುಟ ಕಾಣಬೇಕಾದರೆ ನಡುವಿನ ಜೋಳವನ್ನು ಒಂದು ಪಟ್ಟಿ ಕೊಯ್ಯಬೇಕು.

ಅತ್ತೆ ಬದುವಿನ ಮೇಲೆ ನಿಂತು ಕೂಗಿದಳು: “ತೆನಿ ಈಗ ಹಾಲು ತುಂಬ್ಯಾವ. ಹಸಿ ಜ್ವಾಳ ಕೊಯ್ಯಾಕ ನಿನ್ನ ಸಾಹೇಬಗ ಏನ್ ಬಂದದೋ ರೋಗ? ಬೇವಿನ ಗಿಡ ಹತ್ತಿ ನೋಡು ಅಂತ ಹೇಳವನಿಗಿ.”

“ಹೇಳ್ತೇನಿ ಬಿಡಬೇ ಯಮ್ಮಾ. ಸಾಹೇಬ ಗಿಡ ಹತ್ತಿದ್ರ ಕೆಳಗ ಉಡಿ ಒಡ್ಡಿ ನೀನೇ ನಿಂದರಬೇಕು ಮತ್ತ.”

ಆಳುಗಳು ನಕ್ಕರು. ನಾನು ಅವನನ್ನು ಕೇಳಿದೆ: “ಈ ಹಳಿ ಆದ್ರ ಪ್ಯಾಸೆಂಜರ್ ನಿಲ್ಲಸೂದಿಲ್ಲೇನು?”

ಅವನು ಸಾಹೇಬನನ್ನು ಕೇಳಿ ತಿರುಗಿದ. “ಮಾಲಗಾಡಿ ಸಲುವಾಗಿ ನಿಲ್ಲಸೂದಿಲ್ಲಂತ ನೋಡಕ್ಕಾ. ಮೊದಲಿನ ಹಳಿ ಪೂರಾ ಮಂದಿಗೇ.”

ಕುಡಗೋಲು ತಂದು ನಾನೇ ಕೊಯ್ಯತೊಡಗಿದೆ. “ಹುಚ್ಚ ಹಿಡದದ ಇಕಿಗಿ,” ಅಂದಳು ಅತ್ತೆ. ಗಂಡ ಇನ್ನೊಂದು ಕುಡಗೋಲು ತಂದ. ಕೊಯ್ದ ಹಸಿ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ತಿಕ್ಕಿ ಸೀತನಿ ಮಾಡಿ, ಬೆಲ್ಲದ ಜೊತೆ ಅಳತೆಯ ಮಂದಿಗೆಲ್ಲ ಕೊಟ್ಟೆ. ನಾನು ಬಾಯಿಗೆ ಹಾಕಲಿಲ್ಲ. ಸೀತನಿಗಾಗಿ ಹಟ ಹಿಡಿಯುತ್ತಿದ್ದವಳು ಇರಲಿಲ್ಲ.

ಹೋಗುವಾಗ ಅವರು ಹಳಿಯ ಗುರುತಿಗೆ ಪಟ್ಟಿಯ ಮೇಲೆ ಕಲ್ಲು ನೆಟ್ಟರು.

ನಮ್ಮಲ್ಲಿ ಗಂಡಸು ಕೂರಿಗೆ ಹೊಡೆದರೆ ಹೆಂಗಸು ಹಿಂದೆ ನಡೆಯುತ್ತ ಅದರ ಬಟ್ಟಲಿಗೆ ಬೀಜ ಬಿಡುತ್ತಾಳೆ. ಮುಂದಿನ ಬಿತ್ತಿಗೆಯಲ್ಲಿ ಕೂರಿಗೆ ಆ ಪಟ್ಟಿಗೆ ಬಂದಾಗ ನಾನು ಮುಷ್ಟಿ ಬಿಗಿದೆ. ದಾಟಿದ ಮೇಲೆ ಬಿಟ್ಟೆ. ಹಳಿ ಬರುವ ನೆಲ, ಬಿತ್ತಿ ಏನು ಮಾಡುವುದು? ಕಾಳು ಇಳಿಯುವ ಸಪ್ಪಳ ನಿಂತದ್ದು ಗಂಡನಿಗೆ ಕೇಳಿತು. ತಿರುಗಿ ನನ್ನ ಕೈ ನೋಡಿ ಎತ್ತು ಹೊಡೆದ. ಪ್ರತಿ ಸಾಲಿಗೂ ಹಾಗೇ ಮಾಡಿದೆ.

ಬೆಳೆ ಎದ್ದಾಗ ಹೊಲದ ನಡುವೆ ಬರೀ ನೆಲ ಕಾಣಿಸಿತು. “ಊರೆಲ್ಲ ನಗಾಕತ್ತದ. ಹೊಲಕ್ಕ ಬೈತಲಿ ತಗದಾಳ ನನ್ನ ಸೊಸಿ,” ಅಂದಳು ಅತ್ತೆ.

“ನಗಲಿ ಬಿಡ್ರಿ,” ಅಂದೆ. ಅದರ ಮುಂದಿನ ವರ್ಷವೂ ಮುಷ್ಟಿ ಬಿಗಿದೆ. ಆಮೇಲೂ.

ಲಡಾಯಿ ಮುಗಿಯಿತು. ನಿಜಾಮನ ರಾಜ್ಯವೂ ಹೋಯಿತು. ಸಾಹೇಬ ತಿರುಗಿ ಬರಲಿಲ್ಲ. ಒಂದು ಬೇಸಿಗೆ ಆ ಕೊಳಕೂರಿನವನು ಎತ್ತು ಕೊಳ್ಳಲು ನಮ್ಮೂರಿಗೆ ಬಂದ. ನೀರು ಕೊಟ್ಟು, ಹಳಿ ಯಾವಾಗ ಹಾಕುತ್ತಾರೆಂದು ಕೇಳಿದೆ.

“ಯಾವ ಹಳಿ ಅಕ್ಕಾ?”

ಕಲ್ಲಿನ ಮಾತು ತೆಗೆದ ಮೇಲೆ ಅವನಿಗೆ ನೆನಪಾಯಿತು. “ಅಯ್ಯ, ಅದು ಆವಾಗೇ ಬಂದ್ ಆತು. ನಮ್ಮ ಕಡಿ ಮಂದಿ ಆ ಕಲ್ಲು ಕಿತ್ತು ಬಟ್ಟಿ ಒಗಿಯಾಕ ಹಾಕ್ಕೊಂಡಾರ. ನಿಮಗ ಯಾರೂ ಹೇಳಲಿಲ್ಲೇನು?”

ನಮಗೆ ಯಾರು ಹೇಳಬೇಕು?

ಆ ಸಲದ ಬಿತ್ತಿಗೆಯಲ್ಲಿ ಕೂರಿಗೆ ಪಟ್ಟಿಗೆ ಬಂದಾಗ ಗಂಡ ಎತ್ತು ನಿಲ್ಲಿಸಿದ. “ಹೆಂಗ ಮಾಡ್ತಿ?” ಅಂದ.

“ಹೊಡೀರಿ,” ಅಂದೆ.

ಬೀಜ ಬಿಟ್ಟೆ. ಸಪ್ಪಳ ನಿಲ್ಲಲಿಲ್ಲ. ಗಂಡ ಹಿಂದೆ ತಿರುಗಲಿಲ್ಲ. ರುಮಾಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಹೊಲದ ತುದಿ ಮುಟ್ಟಿದ.

ಬಿತ್ತದೆ ಬಿಟ್ಟ ನೆಲ, ಸೊಕ್ಕಿತ್ತು. ಉಳಿದ ಜೋಳಕ್ಕಿಂತ ಅಲ್ಲಿಯದೇ ಎತ್ತರ ಬಂತು. ತೆನೆ ಹಾಲು ತುಂಬಿದಾಗ ಅತ್ತೆ ಆ ಪಟ್ಟಿಯ ತೆನೆಯನ್ನೇ ಮುರಿದು, ಸುಟ್ಟು, ಬಿಸಿ ಸೀತನಿ ತಂದು ನನ್ನ ಸೆರಗಿಗೆ ಸುರಿದಳು.

“ತಿನ್ನು,” ಅಂದಳು.

ತಿಂದೆ.