ಉಳಿವೆಪ್ಪ ಹೋಲಿಸಿದ ಇಬ್ಬರು ತಾಯಂದ್ರು

ಉಳಿವೆಪ್ಪ ಭಾಳ ಶ್ಯಾಣ್ಯಾ ಅಂತ ಇಡೀ ಸವಣೂರು ಹೇಳ್ತಿತ್ತು. ನಾ ಮಾತ್ರ ಹೇಳಂಗಿಲ್ಲ. ಅವನ ಗ್ವಾಡಿಗೆ ಗ್ವಾಡಿ ಹಚ್ಚಿದ ಮನಿ ನಮ್ಮದು. ಎಲಿಬಳ್ಳಿ ತ್ವಾಟದಾಗ ದುಡಿಯಾಂವ, ಶ್ರಾವಣ ಬಂತಂದ್ರ ಮಠದಾಗ ಪುರಾಣ ಓದಾಂವ. ದನಿ ಅಂದ್ರ ದನಿ!

ಐವತ್ತಾರನೇ ಇಸ್ವಿ ಬ್ಯಾಸಗ್ಯಾಗ ಅವನ ಒಬ್ಬನ ಮಗ ಅಜ್ಜಪ್ಪ ಜ್ವರ ಬಂದು ಸತ್ತ. ಆರು ವರ್ಷದ ಕೂಸು. ಜ್ವರದಾಗ ನೀರು ಕೊಟ್ರ ಸನ್ನಿ ಹಿಡೀತೈತಿ ಅಂತ ಆಗ ಎಲ್ಲಾರೂ ನಂಬಿದ್ವಿ. ನನ್ನ ಬಾಯಾಗ ಮಣ್ಣ ಬೀಳಲಿ, ನಾನೂ ಹಂಗ ಅಂದಿದ್ದೆ. ಮಣ್ಣು ಮಾಡಿ ಬಂದ ಮ್ಯಾಲೆ ಅವನ ಹೇಣ್ತಿ ಗುತ್ತೆವ್ವ ಗಂಡನ ಕೂಡ ಮಾತು ಬಿಟ್ಲು. ಅಳಲೂ ಇಲ್ಲ. ರೊಟ್ಟಿ ಬಡದು ಮುಂದಿಟ್ಟು ಒಳಗ ಹೋಗಾಕಿ. ಒಮ್ಮೆ ಅತ್ತು ಹಗರಾದ್ರ ಮಾತಾಡ್ತಾಳ ಅನ್ನೋದೊಂದ ಅವಂಗ ಆಸೆ.

ಮರುವರ್ಷ ಮೊಹರಮ್ಮೂ ಶ್ರಾವಣಾನೂ ಕೂಡೇ ಬಂದ್ವು. ತ್ವಾಟದಾಗ ಅವನ ಜೋಡಿ ಎಲಿ ಕೊಯ್ಯೋ ಪೀರಸಾಬ, ಮಸೂತಿ ಮುಂದ ಬೆಂಕಿ ಹಾಕೋ ಅಲಾವಿ ಕುಣಿ ಹತ್ರ ನಿಂತು ಒಂದು ಪದ ಹಾಡಿದ. ರಣದಾಗ ಒಬ್ಬ ತಾಯಿ, ಬಗಲಾಗ ನೀರಡಿಸಿದ ಕೂಸು, ಹೊಳಿಗೆ ವೈರಿಗಳ ಕಾವಲು. ಉಳಿವೆಪ್ಪ ಓದೋ ಪುರಾಣದಾಗೂ ಒಬ್ಬಾಕಿ ಶರಣಿ. ಲಿಂಗ ಬಿಡು, ಕೂಸಿಗೆ ನೀರು ಬಿಡ್ತೇನಿ ಅಂತಾನ ರಾಜ. ಒಂದು ಪೋಥಿಯೊಳಗಿನ ಷಟ್ಪದಿ, ಇನ್ನೊಂದು ಓದು ಬರಹ ಇಲ್ಲದವರು ಬಾಯಿಲೆ ಕಟ್ಟಿದ್ದು. ಎರಡರಾಗೂ ಕೂಸು ಸಾಯ್ತೈತಿ.

ಉಳಿವೆಪ್ಪ ಓಡಿ ಬಂದು ನಂಗ ಹೇಳಿದ, "ಯಕ್ಕಾ, ಮಠಕ್ಕೂ ಮಸೂತಿಗೂ ಅಳು ಒಂದ ಐತಿ! ಇದನ್ನ ಕೇಳಿದ್ರ ಆಕಿ ಅತ್ತ ಅಳ್ತಾಳ."

"ಹುಚ್ಚಾ, ಗಾಯ ಕೆದರಬ್ಯಾಡ" ಅಂದೆ. ಕೇಳಬೇಕಲ್ಲ!

ಕಡೀ ಸೋಮವಾರ ಗುತ್ತೆವ್ವನ ಕೈ ಹಿಡಿದು ನಾನ ಮಠಕ್ಕ ಕರಕೊಂಡು ಹೋದೆ. ಉಳಿವೆಪ್ಪ ಷಟ್ಪದಿ ಓದಿ, ಅರ್ಥ ಹೇಳೂಮುಂದ ಪೀರಸಾಬನ ಪದಾನೂ ಹಾಡಿಬಿಟ್ಟ. ಹಿರೇರು ಎದ್ದು ಗದ್ದಲ ಮಾಡಿದ್ರು, "ಪೋಥಿ ಕಟ್ಟಿಡು, ಇನ್ನ ನೀ ಓದೂದು ಬ್ಯಾಡ" ಅಂದ್ರು. ಹೆಣ್ಮಕ್ಕಳು ಮಾತ್ರ ಬಾಯಿಗೆ ಸೆರಗು ಹಚ್ಚಿ ಅಳಾಕತ್ತಿದ್ರು. ಗುತ್ತೆವ್ವನ ಕಣ್ಣಾಗ ಒಂದು ಹನಿ ಇಲ್ಲ.

ಮನಿಗೆ ಬಂದ ಮ್ಯಾಲೆ ಅಂವ ಆಕಿ ಮುಂದ ಕುಂತ. "ಓದೂದು ಹೋತು, ಹೋಗಲಿ. ಆ ತಾಯಂದ್ರ ಸಂಕಟಾನ ನಿಂದೂ. ಅತ್ತುಬಿಡ."

ವರ್ಷದ ಮ್ಯಾಲೆ ಆಕಿ ಬಾಯಿ ಬಿಟ್ಲು. "ಅವರಿಗೆ ನೀರ ಸಿಗಲಿಲ್ರಿ. ನನ್ನ ಕೈಯಾಗ ತುಂಬಿದ ತಂಬಗಿ ಇತ್ತು. ಕಸಗೊಂಡವರು ವೈರಿಗಳಲ್ಲ, ನೀವು."

ಉಳಿವೆಪ್ಪ ಮುಂದ ಹನ್ನೊಂದು ವರ್ಷ ಬದುಕಿದ. ಆಕಿ ಮತ್ತ ಮಾತಾಡಲಿಲ್ಲ, ಅವನೂ ಮಾತಾಡು ಅಂತ ಕೇಳಲಿಲ್ಲ.