ಒಬ್ಬರೇ ಕೂರುವ ಗಾಡಿ

ನಮ್ಮ ಮನೆಯ ಅಟ್ಟದ ಮೇಲೆ ಒಂದು ದಿಂಬಿದೆ. ಅದರ ಮೇಲೆ ಇದುವರೆಗೂ ಯಾರೂ ತಲೆಯಿಟ್ಟು ಮಲಗಿಲ್ಲ. ಮಲಗಲು ಹೋದರೆ ಕತ್ತು ಉಳುಕೀತು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ನಡುವೆ ಬೆನ್ನುಮೂಳೆಗೆಂದು ಬಿಟ್ಟ ಉದ್ದನೆಯ ತಗ್ಗು. ಖಾಕಿ ಬಟ್ಟೆಯ ಹೊದಿಕೆ, ಒಳಗೆ ಬೂರುಗದ ಹತ್ತಿ, ಅಂಚಿನಲ್ಲಿ ಎಷ್ಟು ಒಗೆದರೂ ಹೋಗದ ಎಂಜಿನ್ ಎಣ್ಣೆಯ ಕಲೆ. ಹಬ್ಬಕ್ಕೆ ಮನೆ ಗುಡಿಸುವಾಗಲೆಲ್ಲ ಯಾರಾದರೊಬ್ಬರು ಅದನ್ನು ಎಸೆಯಲು ಹೊರಡುತ್ತಾರೆ, ನಾನು ಏನೋ ಒಂದು ನೆವ ಹೇಳಿ ಮತ್ತೆ ಅಟ್ಟಕ್ಕೇರಿಸುತ್ತೇನೆ. ನಿಮ್ಮ ಹತ್ತಿರ ನೆವ ಯಾಕೆ? ಅದು ನಾನು ರೇಸಿನ ಕಾರು ಓಡಿಸುತ್ತಿದ್ದ ಕಾಲದ ದಿಂಬು.

ನಗಬೇಡಿ. ನಾನು ಆಗ ಆರ್.ಟಿ. ನಗರದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಮೇಷ್ಟ್ರಮ್ಮ. ಎಂಬತ್ತರ ದಶಕ ಆಗಷ್ಟೇ ಕಣ್ಣು ಬಿಟ್ಟಿತ್ತು. ನನ್ನ ಯಜಮಾನರು ಶ್ರೀಧರ, ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುವವರು. ಕಬ್ಬಿಣ ಕಂಡರೆ ಇತರರು ಬಂಗಾರ ಕಂಡಂತೆ ನಿಂತುಬಿಡುವವರು. ಮದುವೆಯಾಗಿ ಬಂದ ಹೊಸತರಲ್ಲೇ ನನಗೆ ತಿಳಿದುಹೋಗಿತ್ತು, ಈ ಮನುಷ್ಯನ ಎದೆಯಲ್ಲಿ ನನಗಿಂತ ಮೊದಲೇ ಒಬ್ಬಳು ಬಂದು ಕೂತಿದ್ದಾಳೆ ಎಂದು. ಅವಳಿಗೆ ಆಗಿನ್ನೂ ರೂಪವಿರಲಿಲ್ಲ. ಪಕ್ಕದ ಬೀದಿಯಲ್ಲಿ ಗ್ಯಾರೇಜು ಇಟ್ಟಿದ್ದ ಸತ್ತಾರ್ ಭಾಯಿ ಮತ್ತು ಇವರು ಸೇರಿ ಭಾನುವಾರಗಳನ್ನೆಲ್ಲ ಬೆಸೆದು ಬೆಸೆದು ಅವಳಿಗೊಂದು ಮೈ ಕೊಟ್ಟರು: ಕೊಳವೆಗಳ ಚೌಕಟ್ಟು, ತಗಡಿನ ಮೂತಿ, ಒಬ್ಬರೇ ಕೂರುವಷ್ಟು ಇಕ್ಕಟ್ಟಿನ ಜಾಗ, ಮೈಯಿಂದ ಹೊರಗೆ ಚಾಚಿಕೊಂಡ ನಾಲ್ಕು ಚಕ್ರ. ರಸ್ತೆಯ ಕಾರುಗಳು ತಮ್ಮ ಚಕ್ರಗಳನ್ನು ಸೀರೆಯ ನೆರಿಗೆಯೊಳಗಿನ ಪಾದಗಳಂತೆ ಮರೆಮಾಡಿಕೊಂಡಿರುತ್ತವೆ. ಇದು ಕಚ್ಚೆ ಬಿಗಿದು ನಿಂತಂತಿತ್ತು. ಎಂಜಿನ್ ಮಾತ್ರ ಎಲ್ಲೋ ಅಪಘಾತದಲ್ಲಿ ನುಜ್ಜುಗುಜ್ಜಾದ ಒಂದು ಪದ್ಮಿನಿ ಕಾರಿನದು. ಹೆಸರಿಗೆ ತಕ್ಕಂತೆ ತಾವರೆಯದೇ ಸ್ವಭಾವ: ಬಿಸಿಲೇರಿದರೆ ಅರಳುತ್ತಿತ್ತು, ಬೆಳಗಿನ ಚಳಿಯಲ್ಲಿ ಮುನಿಸಿಕೊಂಡು ಮುದುಡಿರುತ್ತಿತ್ತು.

ಅಲ್ಲಾಳಸಂದ್ರದಿಂದ ನಮ್ಮಪ್ಪ ಮುನಿಶಾಮಪ್ಪ ಒಮ್ಮೆ ದ್ರಾಕ್ಷಿ ಕೊಟ್ಟುಹೋಗಲು ಬಂದವರು ಅದನ್ನು ಸುತ್ತುಹಾಕಿ ನೋಡಿ, “ಏನ್ ಅಳಿಯಂದ್ರೇ, ಮಿಡತೆಗೆ ಗಾಲಿ ಕಟ್ಟಿದ್ದೀರಾ?” ಎಂದರು. ಅಂದಿನಿಂದ ಅದರ ಹೆಸರು ಮಿಡತೆ.

ಆ ಮಿಡತೆಯನ್ನು ಲಾರಿಗೆ ಹೇರಿಕೊಂಡು ಇವರು ಮದ್ರಾಸಿನಾಚೆಗಿನ ಹಳೆಯ ವಿಮಾನಪಟ್ಟಿಗೆ ಹೋಗಿ ಒಂದು ರೇಸಿನಲ್ಲಿ ಓಡಿಸಿ ಬಂದರು. ಎಲ್ಲರಿಗಿಂತ ಕೊನೆಯವರಾಗಿ ಬಂದರು. “ಎಂಜಿನ್ ಎಲ್ಲೋ ತಡವರಿಸ್ತಿದೆ ಕಣೇ” ಎಂದರು. ಮುಂದಿನ ಒಂದು ವರ್ಷ ಆ ತಡವರಿಕೆಯನ್ನು ಹುಡುಕುವುದೇ ನಮ್ಮ ಮನೆಯ ಉದ್ಯೋಗವಾಯಿತು. ಕಾರ್ಬ್ಯುರೇಟರು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಒಗ್ಗರಣೆ ಡಬ್ಬಿಯ ಪಕ್ಕ ಬಿಚ್ಚಿಕೊಂಡು ಬಿದ್ದಿರುತ್ತಿತ್ತು.

ಓಡಿಸಿ ನೋಡಲು ಜಾಗ ಬೇಕಲ್ಲ? ಸಹಕಾರನಗರದ ಕಡೆ ಆಗ ಬಡಾವಣೆ ಏಳುತ್ತಿತ್ತು. ಏಳುತ್ತಿತ್ತೆನ್ನುವುದೂ ತಪ್ಪೇ, ರಸ್ತೆಗಳು ಮಲಗಿದ್ದವು, ಮನೆಗಳಿನ್ನೂ ಎದ್ದಿರಲಿಲ್ಲ. ಮುಳ್ಳುಪೊದೆಯ ನಡುವೆ ಹೊಸ ಡಾಂಬರು, ನಿವೇಶನಗಳ ಮೂಲೆ ಮೂಲೆಗೆ ನೆಟ್ಟ ಗಡಿಕಲ್ಲುಗಳು, ಯಾರೂ ಇಲ್ಲದ ಮೊದಲನೇ ಕ್ರಾಸು, ಎರಡನೇ ಕ್ರಾಸು, ಮೂರನೇ ಕ್ರಾಸು. ಮನುಷ್ಯರು ಬರುವ ಮೊದಲು ಊರೊಂದು ಹೇಗಿರುತ್ತದೆ ಎಂದು ನೋಡಿದ ಕೆಲವೇ ಜನರಲ್ಲಿ ನಾನೂ ಒಬ್ಬಳು. ನೋಡಲು ಥೇಟು ಶಾಲೆ ತೆರೆಯುವ ಹಿಂದಿನ ದಿನದ ತರಗತಿಯಂತಿತ್ತು. ಬೆಂಚುಗಳಿವೆ, ಗದ್ದಲವಿಲ್ಲ.

ಅಂಥ ಒಂದು ಭಾನುವಾರ ಬೆಳಗ್ಗೆ ಇವರು ಕಾರಿನಿಂದಿಳಿದು ನನ್ನ ಕಡೆ ನೋಡಿದರು. “ರತ್ನ, ನೀನೊಂದೆರಡು ರೌಂಡ್ ಓಡ್ಸು. ಒಳಗೆ ಕೂತ್ರೆ ಗಾಳಿ ಸದ್ದಲ್ಲಿ ಏನೂ ತಿಳಿಯಲ್ಲ. ನಾನು ಹೊರಗೆ ನಿಂತ್ಕೊಂಡು ಕೇಳ್ಬೇಕು.”

“ಸೀರೇಲಿ ಓಡ್ಸೋದಾ?”

“ನಮ್ದು ಒಗ್ದಿರೋ ಪ್ಯಾಂಟು, ಶರ್ಟು ಇದಾವೆ ಟೀಚರಮ್ಮಾ” ಎಂದರು ಸತ್ತಾರ್ ಭಾಯಿ, ಇಂಥದೊಂದು ದಿನ ಬಂದೇ ಬರುತ್ತದೆಂದು ಕಾದಿದ್ದವರ ಹಾಗೆ.

ಕಾರು ಓಡಿಸುವುದು ನನಗೆ ಹೊಸದಲ್ಲ. ಗಂಡುಮಕ್ಕಳಿಲ್ಲದ ಅಪ್ಪನ ಹಿರಿಯ ಮಗಳು ನಾನು. ತೋಟದ ದ್ರಾಕ್ಷಿಯನ್ನು ಬುಟ್ಟಿಬುಟ್ಟಿಯಾಗಿ ಹಳೆಯ ಜೀಪಿನಲ್ಲಿ ಪೇರಿಸಿ ಯಶವಂತಪುರದ ಮಾರುಕಟ್ಟೆಗೆ ಒಯ್ಯುವಾಗ ಅಪ್ಪ ಪಕ್ಕದಲ್ಲಿ ಕೂತು ಸ್ಟಿಯರಿಂಗನ್ನು ನನ್ನ ಕೈಗೆ ಕೊಡುತ್ತಿದ್ದರು. “ಜೋರಾಗ್ ಬ್ರೇಕ್ ಒತ್ತುದ್ರೆ ತಳದ್ ಅಣ್ಣು ಜಜ್ಜೋಯ್ತದೆ, ಒತ್ದೇ ಇದ್ರೆ ನಾವ್ ಜಜ್ಜೋಯ್ತೀವಿ. ದೂರದಿಂದ್ಲೇ ನೋಡ್ಕಂಡು ಮೆತ್ತುಗ್ ತಿರುಗ್ಸವ್ವಾ” ಎನ್ನುವುದೇ ಅವರ ಪಾಠ. ತಿರುವೆಂದರೆ ನನ್ನ ಪಾಲಿಗೆ ಹಣ್ಣಿಗೆ ನೋವಾಗದಂತೆ ದಾಟಬೇಕಾದ ಜಾಗ.

ಮಿಡತೆಯೊಳಗೆ ಇಳಿದೆ. ಕಾಲು ಪೆಡಲಿಗೆ ಎಟುಕಲಿಲ್ಲ. ಸೀಟಿನ ತುದಿಗೆ ಜಾರಿ, ಹೆಚ್ಚುಕಡಿಮೆ ಮಲಗಿಕೊಂಡೇ ಹೊರಟೆ. ಮೊದಲ ಸುತ್ತಿನಲ್ಲಿ ಜೀವ ಬಾಯಿಗೆ ಬಂದಿತ್ತು. ನೆಲ ಅಂಗೈಯಷ್ಟು ಹತ್ತಿರ, ಗಡಿಕಲ್ಲುಗಳು ಕಿವಿಯ ಮಟ್ಟಕ್ಕೆ. ಎರಡನೆಯ ಸುತ್ತಿನಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು: ನನ್ನೆದುರಿಗೇ ಮುಂದಿನ ಎರಡು ಚಕ್ರಗಳು ತಿರುಗುತ್ತಿವೆ, ನಾನು ಸ್ಟಿಯರಿಂಗನ್ನು ಕೂದಲೆಳೆಯಷ್ಟು ಹೊರಳಿಸಿದರೂ ಅವು ಹೊರಳುತ್ತಿವೆ. ಬದುಕಿನಲ್ಲಿ ನಾವು ಮಾಡಿದ್ದರ ಫಲ ಎಷ್ಟೋ ದಿನಗಳ ಮೇಲೆ, ಎಲ್ಲೋ ಮರೆಯಲ್ಲಿ, ಯಾರದೋ ಮೂಲಕ ನಮಗೆ ತಲುಪುತ್ತದೆ. ಇಲ್ಲಿ ಮಾಡಿದ್ದು ಮತ್ತು ಆದದ್ದು ಎರಡೂ ಒಂದೇ ಗಳಿಗೆಯಲ್ಲಿ ಕಣ್ಣೆದುರಿಗೇ ನಡೆಯುತ್ತಿದ್ದವು. ಆ ಪಾರದರ್ಶಕತೆಗೆ ನಾನು ಅಲ್ಲೇ ಸೋತೆ. ಭಯ ಎಲ್ಲಿ ಇಳಿದುಹೋಯಿತೋ ತಿಳಿಯಲಿಲ್ಲ.

ಹಿಂತಿರುಗಿ ಬಂದು ನಿಲ್ಲಿಸಿದಾಗ ಸತ್ತಾರ್ ಭಾಯಿ “ಅರೆ ವ್ಹಾ!” ಎಂದು ಬಾಯಿ ತೆರೆದವರು ನನ್ನ ಯಜಮಾನರ ಮುಖ ನೋಡಿ ಸುಮ್ಮನಾದರು. ಇವರು ಹತ್ತಿರ ಬಂದು ಕೇಳಿದರು, “ಮೂರನೇ ಕ್ರಾಸಿನ ತಿರುವಲ್ಲಿ ನೀನು ಆಕ್ಸಿಲರೇಟರಿಂದ ಕಾಲೇ ಎತ್ತಲಿಲ್ವಲ್ಲ?”

“ಎತ್ಬೇಕಾಗಿತ್ತಾ?”

“ನಾನು ಎತ್ತಿದ್ದೆ. ಪ್ರತಿ ಸಲವೂ.” ಅಷ್ಟು ಹೇಳಿ ಒಂದು ಗಡಿಕಲ್ಲಿನ ಮೇಲೆ ಕೂತರು.

ಎಂಜಿನ್ ಒಮ್ಮೆಯೂ ತಡವರಿಸಿರಲಿಲ್ಲ. ಹೊರಗೆ ನಿಂತು ಕೇಳಿದ ಅವರಿಗೆ ಅದು ಗೊತ್ತಾಗಿತ್ತು, ನನಗೂ ಗೊತ್ತಾಗಿತ್ತು. ಒಂದು ವರ್ಷ ಯಂತ್ರದೊಳಗೆ ಹುಡುಕಿದ ದೋಷ ಎಲ್ಲಿತ್ತೆಂದು ಹೀಗೆ ಹೆಂಡತಿಯ ಕಾಲಿನಿಂದ ತಿಳಿಯಬೇಕಾದ ಗಂಡಿನ ಪಾಡು ನನಗೆ ನೋಡಲಾಗಲಿಲ್ಲ. “ನಂಗೂ ಎಲ್ಲೋ ಒಂದ್ಕಡೆ ತಡವರಿಸಿದ ಹಾಗನ್ನಿಸ್ತುರೀ” ಎಂದೆ.

ಅವರು ತಲೆಯೆತ್ತಿ ನೋಡಿದರು. ಆಮೇಲೆ ನಕ್ಕರು, ಕಣ್ಣಿನ ಸುತ್ತ ನೆರಿಗೆ ಮೂಡುವಂಥ ತಮ್ಮ ಎಂದಿನ ನಗು. “ಸುಳ್ಳು ಹೇಳೋಕೆ ಬರಲ್ಲ ನಿಂಗೆ” ಎಂದು ಎದ್ದು, ಸೀಟಿನ ಬೆನ್ನಿಗೂ ನನ್ನ ಬೆನ್ನಿಗೂ ನಡುವೆ ಕೈ ತೂರಿಸಿ ಗೇಣು ಹಾಕಿದರು. “ಸತ್ತಾರ್ ಭಾಯ್, ಮನೇಲಿ ಜುಬೇದಾ ಬೆಹೆನ್‌ಗೆ ಹೇಳಿ ಒಂದು ದಿಂಬು ಹೊಲಿಸ್ಬೇಕಲ್ಲ.”

ಕಂಡ ಕನಸನ್ನು ಬಿಟ್ಟುಕೊಡುವವರನ್ನು ನಾನು ಆಮೇಲೂ ನೋಡಿದ್ದೇನೆ. ನಿಟ್ಟುಸಿರಿಟ್ಟು ಕೊಟ್ಟವರು, ಲೆಕ್ಕ ಇಟ್ಟು ಕೊಟ್ಟವರು, ಕೊಟ್ಟು ಆಡಿಕೊಂಡವರು. ಬೆನ್ನು ಒತ್ತದಿರಲೆಂದು ಅಳತೆ ತೆಗೆದು ಕೊಟ್ಟವರು ಇವರೊಬ್ಬರೇ.

ಸುದ್ದಿ ಅಲ್ಲಾಳಸಂದ್ರಕ್ಕೆ ತಲುಪಿತು. ನಮ್ಮ ಊರಿನಲ್ಲಿ ಹೆಣ್ಣೊಬ್ಬಳು ಓಡಿಹೋದಳು ಎಂದರೆ ಒಂದೇ ಅರ್ಥ. ಓಡಿಸುತ್ತಾಳೆ ಎಂದರೆ ಏನರ್ಥವೋ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಎಲ್ಲರೂ ತಮಗೆ ತೋಚಿದ್ದನ್ನು ಹೇಳಿದರು. ಅಪ್ಪ ಬಂದು ನಡುಮನೆಯಲ್ಲಿ ನಿಂತೇ ಮಾತಾಡಿದರು. “ಇಂಗೂ ಉಂಟೇನವ್ವಾ? ಪಾಠ ಏಳ್ಕೊಡೋಳು ನೀನು. ತಲೆ ಆಚೆ ಇಟ್ಕಂಡು ಓಗೋ ಗಾಡೀಲಿ ಕೂತು ಏನಾರ ಆದ್ರೆ?” ಅಳಿಯನ ಕಡೆ ತಿರುಗಿ, “ನೀವಾದ್ರೂ ಬುದ್ಧಿ ಏಳ್ಬಾರ್ದಾ ಅಳಿಯಂದ್ರೇ?”

“ಗಾಡಿ ಓಡಿಸೋದು ನೀವೇ ಕಲಿಸಿದ್ದಲ್ವಾ ಮಾವ?” ಎಂದರು ಇವರು, ಬಹಳ ವಿನಯದಿಂದ.

ಅಪ್ಪ ಕಾಫಿ ಕುಡಿಯದೆ ಹೋದರು. ಆಮೇಲೆ ಬಹಳ ದಿನ ಬರಲಿಲ್ಲ; ದ್ರಾಕ್ಷಿಯೂ ಬರಲಿಲ್ಲ. ಗಾಡಿ ನಿಲ್ಲಿಸಿಬಿಡೋಣವೇ ಎಂದು ನಾನು ಒಂದಲ್ಲ ಹಲವು ಸಲ ಯೋಚಿಸಿದೆ. ಭಾನುವಾರ ಬಂತೆಂದರೆ ಕಾಲು ಮೂರನೇ ಕ್ರಾಸನ್ನೇ ನೆನೆಯುತ್ತಿತ್ತು.

ಮುಂದಿನ ರೇಸಿಗೆಂದು ಮದ್ರಾಸಿಗೆ ಹೊರಡುವ ದಿನ ಬೆಳಗ್ಗೆ ಮಿಡತೆಯನ್ನು ಲಾರಿಯ ಮೇಲೆ ಹಗ್ಗ ಹಾಕಿ ಬಿಗಿಯುತ್ತಿದ್ದೆವು. ಗ್ಯಾರೇಜಿನ ಮುಂದೆ ಅಪ್ಪ, ಕೈಯಲ್ಲಿ ಚೀಲ, ತಲೆಗೆ ಮದುವೆ ಮನೆಗೆ ಸುತ್ತುವ ಬಿಳಿಯ ರುಮಾಲು. ಯಾರನ್ನೂ ಮಾತಾಡಿಸದೆ ಲಾರಿಯ ಮುಂದಿನ ಸೀಟಿಗೆ ಹತ್ತಿ ಕೂತರು. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. “ನೀನೇನೂ ಒಪ್ಪುಸ್ಬುಟ್ಟೆ ಅಂದ್ಕಬೇಡ” ಎಂದರು ಎದುರಿನ ರಸ್ತೆ ನೋಡುತ್ತಲೇ. “ನಿಂಗೇನಾರ ಆದ್ರೆ ಅಲ್ಲಿ ನಮ್ಮೋರು ಅಂತ ಒಬ್ರು ಇರ್ಬೇಕಲ್ಲ.”

ವಿಮಾನಪಟ್ಟಿಯಲ್ಲಿ ಹುಲ್ಲಿನ ಪೆಂಡಿಗಳನ್ನೂ ಡಾಂಬರಿನ ಡ್ರಮ್ಮುಗಳನ್ನೂ ಇಟ್ಟು ತಿರುವುಗಳನ್ನು ಗುರುತಿಸಿದ್ದರು. ಹನ್ನೆರಡು ಹದಿಮೂರು ಗಾಡಿಗಳು, ಎಲ್ಲವೂ ಯಾರದೋ ಭಾನುವಾರಗಳಿಂದ ಬೆಸೆದವು. ಹೆಂಗಸು ನಾನೊಬ್ಬಳೇ. ಶಿರಸ್ತ್ರಾಣ ಹಾಕಿಕೊಂಡು, ದಿಂಬಿಗೆ ಬೆನ್ನು ಕೊಟ್ಟು ಕೂತ ಮೇಲೆ ಗಂಡು ಯಾರು ಹೆಣ್ಣು ಯಾರು? ಬಾವುಟ ಎದ್ದಿತು, ಬಿದ್ದಿತು, ಎಲ್ಲರೂ ಹೊರಟರು. ನನ್ನ ಗಾಡಿ ನಿಂತೇ ಹೋಯಿತು. ಕ್ಲಚ್ ಬಿಡುವ ಅವಸರದಲ್ಲಿ ಎಂಜಿನ್ ಆರಿಸಿಬಿಟ್ಟಿದ್ದೆ.

ಮುಂದಿದ್ದವರು ಹೋಗಿ, ಹಿಂದಿದ್ದವರೂ ನನ್ನನ್ನು ಬಳಸಿ ಹೋಗಿ, ಪಟ್ಟಿಯ ಮೇಲೆ ನಾನೂ ಧೂಳೂ ಮಾತ್ರ ಉಳಿದೆವು. ಕಣ್ಣಲ್ಲಿ ನೀರು ಬಂತು. ಗುಂಡಿ ಒತ್ತಿದೆ, ಪದ್ಮಿನಿ ಕೆಮ್ಮಿತು, ಮತ್ತೊಮ್ಮೆ ಒತ್ತಿದೆ, ಹೊತ್ತಿಕೊಂಡಿತು. ಆಗ ನಡೆದದ್ದನ್ನು ನಾನು ಇವತ್ತಿಗೂ ಪುಣ್ಯವೆಂದೇ ತಿಳಿದಿದ್ದೇನೆ: ಎಲ್ಲರೂ ಹೋಗಿಬಿಟ್ಟಿದ್ದರಿಂದ ನನಗೆ ನನ್ನ ಎಂಜಿನಿನ ಸದ್ದೊಂದೇ ಕೇಳುತ್ತಿತ್ತು. ಗುಂಪಿನಲ್ಲಿದ್ದಿದ್ದರೆ ಹತ್ತು ಎಂಜಿನುಗಳ ಅಬ್ಬರದಲ್ಲಿ ಗಾಬರಿಗೊಂಡು ಯಾರ್ಯಾರದೋ ಕಾಲಿಗೆ ತಕ್ಕಂತೆ ಓಡಿಸುತ್ತಿದ್ದೆನೇನೋ. ಹಿಂದೆ ಬಿದ್ದವರಿಗೆ ಸಿಗುವ ಏಕಾಂತವೊಂದಿದೆ; ಅದನ್ನು ಅವಮಾನವೆಂದು ಭ್ರಮಿಸಿ ನಾವು ಎಷ್ಟೋ ಸಲ ಕಳೆದುಕೊಳ್ಳುತ್ತೇವೆ. ಅಂದು ನಾನು ಕಳೆದುಕೊಳ್ಳಲಿಲ್ಲ. ದೂರದಿಂದಲೇ ತಿರುವು ನೋಡಿದೆ, ಮೆತ್ತಗೆ ತಿರುಗಿಸಿದೆ, ಕಾಲು ಎತ್ತಬೇಕಾದಲ್ಲಿ ಮಾತ್ರ ಎತ್ತಿದೆ. ಸುತ್ತು ಕಳೆದಂತೆ ಮುಂದಿನವರ ಬೆನ್ನು ದೊಡ್ಡದಾಗುತ್ತ ಬಂತು. ಒಬ್ಬರನ್ನು ದಾಟಿದೆ, ಇನ್ನೊಬ್ಬರನ್ನು, ಹೀಗೆ ಆರೇಳು ಜನರನ್ನು. ಕೊನೆಯ ಸುತ್ತಿನಲ್ಲಿ ಒಂದು ಪೆಂಡಿಗೆ ಚಕ್ರ ತಗುಲಿ ಮೈಮೇಲೆಲ್ಲ ಹುಲ್ಲು ಸುರಿಯಿತು. ಆರನೆಯವಳಾಗಿ ಮುಗಿಸಿದೆ.

ನಿಲ್ಲಿಸಿದಾಗ ಕೈ ಸ್ಟಿಯರಿಂಗ್ ಬಿಡಲು ಒಲ್ಲದು. ಇವರು ಬಂದು ಒಂದೊಂದೇ ಬೆರಳು ಬಿಡಿಸಿದರು. ಎಂಜಿನಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅಪ್ಪ ದೂರದಲ್ಲಿ ನಿಂತಿದ್ದರು; ರುಮಾಲು ತಲೆಯ ಮೇಲಿರಲಿಲ್ಲ, ಕೈಯಲ್ಲಿ ಹಿಂಡಿ ಹಿಂಡಿ ಹಗ್ಗವಾಗಿತ್ತು. ಹತ್ತಿರ ಬಂದು ನನ್ನ ತಲೆಯ ಮೇಲಿನ ಹುಲ್ಲನ್ನು ಆರಿಸಿ ತೆಗೆದರು.

ಮರುದಿನ ವಾಪಸು ಹೊರಟೆವು. ರೇಸು ಮುಗಿದಾಗಿನಿಂದ ಅಪ್ಪ ತುಟಿ ಬಿಚ್ಚಿರಲಿಲ್ಲ. ಮುಳಬಾಗಿಲಿನಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಲಾರಿಯ ಸುತ್ತ ಜನ ಕೂಡಿದರು. “ಯಾರು ಗುರು ಇದನ್ನ ಓಡ್ಸೋದು?” ಎಂದು ಒಬ್ಬ ಡ್ರೈವರು ಇವರನ್ನು ಕೇಳಿದ. ಒಂದು ವರ್ಷದ ಹಿಂದೆ ಇದೇ ಪ್ರಶ್ನೆಗೆ ಎದೆಯುಬ್ಬಿಸಿ “ನಾನೇ” ಎಂದಿದ್ದವರು ಟೀಯ ಲೋಟದಿಂದ ತುಟಿ ತೆಗೆದು, “ನಮ್ಮನೆಯವರು” ಎಂದರು. ಹೆಂಗಸರು ಗಂಡನ ಹೆಸರು ಹೇಳಲಾರದೆ ಆಡುವ ಮಾತದು. ಅವರ ಬಾಯಲ್ಲಿ ನನಗಾಗಿ ಅದನ್ನು ಕೇಳಿದ್ದು ಅದೇ ಮೊದಲು.

ಆ ಡ್ರೈವರು ಮನೆಯವರನ್ನು ಹುಡುಕುತ್ತ ಅಪ್ಪನ ಕಡೆ ನೋಡಿದ. “ನನ್ನೇನ್ ನೋಡ್ತೀಯಪ್ಪಾ?” ಎಂದರು ಅಪ್ಪ. “ಅಗೋ, ಬನ್ನು ತಿಂತಾವ್ಳಲ್ಲ, ಅವ್ಳು. ನನ್ ಮಗ್ಳು.” ಅಷ್ಟು ಹೇಳಿದ್ದೇ ತಡ, ಎರಡು ದಿನ ಕಟ್ಟಿ ನಿಂತಿದ್ದ ಮಾತೆಲ್ಲ ಕೋಡಿಬಿದ್ದ ಕೆರೆಯಂತೆ ಹರಿಯಿತು. ಬೆಂಚಿನ ಮೇಲೆ ಬಿಸ್ಕತ್ತುಗಳನ್ನು ಗಾಡಿಗಳಂತೆ ಜೋಡಿಸಿ, ಒಂದೊಂದು ತಿರುವನ್ನೂ ಕೈಯಾಡಿಸಿ ತೋರಿಸಿ ಇಡೀ ರೇಸನ್ನು ಹೇಳಿದರು. ಆ ಕತೆಯಲ್ಲಿ ನಾನು ನಾಲ್ಕನೆಯವಳಾಗಿ ಬಂದೆ. ತಿದ್ದಲೆಂದು ಬಾಯಿ ತೆರೆದೆ. ಸತ್ತಾರ್ ಭಾಯಿ ಇನ್ನೊಂದು ಬನ್ನು ತಂದು ನನ್ನ ಕೈಗಿಟ್ಟರು.

ಕೋಲಾರದಲ್ಲಿ ಊಟಕ್ಕೆ ನಿಲ್ಲಿಸಿದಾಗ ನಾನು ಎರಡನೆಯವಳಾಗಿದ್ದೆ. ಹೊಸಕೋಟೆಯಲ್ಲಿ ಮೊದಲನೆಯವನಿಗೂ ನನಗೂ ನಡುವೆ ಒಂದು ಮೊಳ ಅಂತರ. ಸಂಜೆ ಹೆಬ್ಬಾಳದ ಕೆರೆಯ ಏರಿಯ ಹತ್ತಿರ ಅವರ ಪರಿಚಯದವರೊಬ್ಬರು ಸೈಕಲ್ಲಿನಿಂದ ಕಾಲೂರಿ, “ಏನ್ ಸಮಾಚಾರ ಮುನಿಶಾಮಣ್ಣಾ, ಎಲ್ಲಿಂದ ಬರೋಣಾಯ್ತು?” ಎಂದು ಕೇಳುವ ಹೊತ್ತಿಗೆ ನಾನು ಗೆದ್ದಾಗಿತ್ತು.