ಗ್ಯಾರೇಜಿನ ಸೀಸ, ಅಮ್ಮನ ಬಾಣಲೆ

ಲಿಸ್ಲ್ ಊರಿನ ನಮ್ಮ ಬಡಾವಣೆಯಲ್ಲಿ ಹಯವದನನನ್ನು ರೇಗಿಸದವರೇ ಇರಲಿಲ್ಲ. ಮೈಸೂರಿನ ಆಚಾರವಂತರ ಮನೆಯ ಹುಡುಗ, ಈರುಳ್ಳಿಯನ್ನೂ ಮುಟ್ಟದವನು, ಶನಿವಾರ ಬಂತೆಂದರೆ ಶೂಟಿಂಗ್ ರೇಂಜಿಗೆ ಹೋಗಿ ಗುಂಡು ಹೊಡೆಯುತ್ತಿದ್ದ. “ಸಂಧ್ಯಾವಂದನೆ ಮಾಡೋ ಕೈಲಿ ಗನ್ನೇನೋ?” ಎಂದು ಪಕ್ಕದ ಮನೆಯ ನಾನೇ ಎಷ್ಟೋ ಸಲ ಕೇಳಿದ್ದೇನೆ. ನನಗೆ ಬಾಯಿ ಜಾಸ್ತಿ. “ಒಂದು ಇರುವೇನೂ ಕೊಂದಿಲ್ಲ ಅಕ್ಕಾ, ಬರೀ ಕಾಗದ” ಎಂದು ನಗುತ್ತಿದ್ದ.

ಅಂಗಡಿಯ ಗುಂಡು ದುಬಾರಿಯೆಂದು ಮನೆಯಲ್ಲೇ ಎರಕ ಹೊಯ್ಯಲು ಕಲಿತ. ಮೊದಮೊದಲು ಚಕ್ರದ ತೂಕ ಸರಿದೂಗಿಸಲು ಬಳಸಿ ತೆಗೆದ, ಟಯರ್ ಅಂಗಡಿಯವರು ಕೊಡುವ ಹಳೆಯ ಸೀಸದ ಚೂರುಗಳೇ ಸಾಕಾಗುತ್ತಿದ್ದವು. ಆಮೇಲೆ ಡೆಟ್ರಾಯಿಟ್ ಕಡೆ ಸೀಸದ ಒಬ್ಬ ಸಗಟು ವ್ಯಾಪಾರಿ ಸಿಕ್ಕಿದ. ಅವನಲ್ಲಿ ಚಿಲ್ಲರೆ ವ್ಯಾಪಾರವಿಲ್ಲ, ಕೊಂಡರೆ ನೂರಾರು ಪೌಂಡ್ ಕೊಳ್ಳಬೇಕು. ಹಯವದನ ಅಲ್ಲಿಗೇ ಡ್ರೈವ್ ಮಾಡಿಕೊಂಡು ಹೋಗಿ ಇಟ್ಟಿಗೆಯಂಥ ಗಟ್ಟಿಗಳನ್ನು ತುಂಬಿಕೊಂಡು ಬಂದರೆ ವ್ಯಾನಿನ ಹಿಂಭಾಗ ನೆಲಕ್ಕೆ ಕೂತಿರುತ್ತಿತ್ತು. ಎಚ್ಚರಿಕೆಗೇನೂ ಕಡಿಮೆಯಿಲ್ಲ. ಗ್ಯಾರೇಜಿನ ಬಾಗಿಲು ತೆರೆದಿಟ್ಟೇ ಕರಗಿಸುತ್ತಿದ್ದ, ಆಗ ತೊಟ್ಟ ಬಟ್ಟೆಗಳನ್ನು ಬೇರೆಯಾಗಿ ಒಗೆಯುತ್ತಿದ್ದ, ಸ್ನಾನ ಮಾಡದೆ ಮಗಳು ಮಾನ್ಯಾಳನ್ನು ಎತ್ತಿಕೊಳ್ಳುತ್ತಿರಲಿಲ್ಲ. ಮಡಿ ಮೈಲಿಗೆ ನೋಡಿ ಬೆಳೆದವನಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಎಡವಿದ್ದು ಒಂದೇ ಕಡೆ. ಎಲೆಕ್ಟ್ರಿಕ್ ಪಾತ್ರೆ ಕೊಳ್ಳುವ ಮುಂಚೆ, ಸೀಸ ಕರಗಿಸಲು ಗ್ಯಾರೇಜಿನಲ್ಲಿ ಬಿದ್ದಿದ್ದ ಕಬ್ಬಿಣದ ಬಾಣಲೆಯನ್ನು ಬಳಸಿದ್ದ. ಅವನ ತಾಯಿ ತುಂಗಮ್ಮ ಮದುವೆಯಲ್ಲಿ ಸೊಸೆ ಪದ್ಮಳಿಗೆ ಕೊಟ್ಟಿದ್ದ ಬಾಣಲೆ ಅದು. ಪದ್ಮ ನಾನ್‌ಸ್ಟಿಕ್ ತಂದ ಮೇಲೆ ಅದನ್ನು ಅಲ್ಲಿಗೆ ಹಾಕಿ ಮರೆತಿದ್ದಳು. ಹೊಸ ಪಾತ್ರೆ ಬಂದ ಮೇಲೆ ಅವನೂ ಮರೆತ.

ಎರಡು ವರ್ಷದ ಹಿಂದೆ, 2004ರ ಬೇಸಿಗೆಯಲ್ಲಿ ತುಂಗಮ್ಮ ಬಂದರು. ಬಂದ ವಾರವೇ ಬಾಣಲೆ ಅವರ ಕಣ್ಣಿಗೆ ಬಿತ್ತು. “ನಮ್ಮತ್ತೆ ಕಾಲದ್ದು ಕಣಮ್ಮ. ಹೇಗೆ ಹಾಳುಮಾಡಿದಾರೆ ನೋಡು” ಎಂದು ನನ್ನೆದುರು ಗೊಣಗುತ್ತ, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ತೊಳೆದರು. ದಿನಾ ಅದರಲ್ಲೇ ಗೊಜ್ಜು ಮಾಡಿದರು. ಅವರು ಮಡಿಯಲ್ಲಿ ಅಡಿಗೆ ಮಾಡುವವರು, ಮಗನನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಪದ್ಮ ಬಾಣಲೆಯನ್ನು ನೋಡಿದಳು, ಆದರೆ ಅದರಲ್ಲಿ ಗಂಡ ಸೀಸ ಕರಗಿಸಿದ್ದು ಅವಳಿಗೆ ಗೊತ್ತಿರಲಿಲ್ಲ. ಎರಡು ವರ್ಷದ ಮಾನ್ಯಾ ಅಜ್ಜಿಯ ಕೈಯಿಂದ ಗೊಜ್ಜನ್ನವನ್ನು ಬಟ್ಟಲು ಬಳಿದು ತಿನ್ನುತ್ತಿದ್ದಳು. ದೃಷ್ಟಿಯಾದೀತೆಂದು ತುಂಗಮ್ಮ ಸಂಜೆ ಸಂಜೆ ಉಪ್ಪು ನಿವಾಳಿಸುತ್ತಿದ್ದರು.

ಚಳಿ ಶುರುವಾಗುವ ಹೊತ್ತಿಗೆ ಮಗು ಹೊಟ್ಟೆ ಹಿಡಿದುಕೊಂಡು ಅಳತೊಡಗಿತು. ಅರಳು ಹುರಿದ ಹಾಗೆ ಮಾತಾಡುತ್ತಿದ್ದ ಕೂಸು ಒಂದೊಂದೇ ಮಾತು ಬಿಟ್ಟಿತು. ಕೊನೆಗೆ ‘ಅಜ್ಜಿ’ ಅನ್ನುವುದೂ ನಿಂತಿತು. ರಕ್ತ ಪರೀಕ್ಷೆ ಮಾಡಿದ ಡಾಕ್ಟರು, ಮೈಯಲ್ಲಿ ಸೀಸ ವಿಪರೀತ ಸೇರಿದೆಯೆಂದು ಕೂಡಲೇ ಅಡ್ಮಿಟ್ ಮಾಡಿಸಿದರು.

ಪದ್ಮ ಆಸ್ಪತ್ರೆಯಲ್ಲಿದ್ದಳು. ತುಂಗಮ್ಮನಿಗೆ ಜೊತೆಯಾಗಿ ನಾನಿದ್ದ ದಿನವೇ ಆರೋಗ್ಯ ಇಲಾಖೆಯ ಹೆಂಗಸೊಬ್ಬಳು ಮನೆ ನೋಡಲು ಬಂದಳು. ಗ್ಯಾರೇಜಿನ ಗಟ್ಟಿಗಳನ್ನು ಕಂಡು ಮುಖ ಗಂಟಿಕ್ಕಿದಳು. ಆದರೆ ಮನೆಯೊಳಗಿನ ಗೋಡೆ, ನೆಲ, ಕಿಟಕಿ ಎಲ್ಲೂ ಅವಳ ಯಂತ್ರಕ್ಕೆ ಸೀಸ ಸಿಗಲಿಲ್ಲ. ಅಡಿಗೆಮನೆಗೆ ಬಂದು ಒಲೆಯ ಮೇಲಿನ ಬಾಣಲೆಗೆ ಯಂತ್ರ ಹಿಡಿದಳು. ಮತ್ತೊಮ್ಮೆ ಹಿಡಿದಳು. ಇದರಲ್ಲಿ ಹುಳಿ ಹಾಕಿ ಬೇಯಿಸಿದರೆ ಸೀಸವೆಲ್ಲ ಊಟಕ್ಕೆ ಇಳಿಯುತ್ತದೆ, ದೊಡ್ಡವರಿಗಿಂತ ಎಳೆಮಕ್ಕಳಿಗೆ ಬೇಗ ತಟ್ಟುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವಳಿಗೆ ಮನೆ ತೋರಿಸುತ್ತಿದ್ದ ಹಯವದನ, ತಾನು ಸೀಸ ಕರಗಿಸಿದ್ದ ಬಾಣಲೆಯ ಗುರುತು ಹಿಡಿದ.

ತುಂಗಮ್ಮನಿಗೆ ಇಂಗ್ಲಿಷ್ ಬಾರದು. “ಏನಂತಾಳೋ ಅವಳು?” ಎಂದರು.

“ಗ್ಯಾರೇಜಿನ ಧೂಳಂತೆ ಅಮ್ಮ. ನನ್ನ ಬಟ್ಟೇಲಿ ಬಂದು ಮಗೂಗೆ ಸೇರಿದೆ. ನನ್ನಿಂದಲೇ ಆಗಿದ್ದು.”

ಮಗನ ಕೆನ್ನೆಗೆ ತುಂಗಮ್ಮ ಬಾರಿಸಿದರು. “ನಾನು ತುತ್ತು ಕೊಟ್ಟು ಸಾಕ್ತಿದ್ದೆ, ನೀನು ವಿಷ ಹಾಕಿದೆಯಲ್ಲೋ” ಎಂದು ಗೋಳೋ ಎಂದು ಅತ್ತರು. ಹೊರಗೆ ಡ್ರೈವ್‌ವೇಯಲ್ಲಿ ಹಯವದನ ನನಗೆ ಕೈಮುಗಿದ. “ನಿಮ್ಮ ಬಾಯಿ ನನಗೆ ಗೊತ್ತು ಅಕ್ಕಾ. ಇದೊಂದನ್ನ ಹೇಳ್ಬೇಡಿ. ಗೊತ್ತಾದ್ರೆ ಅಮ್ಮ ಬದುಕಲ್ಲ.” ಪದ್ಮಳಿಗೆ ಅವನೇ ಹೇಳಿದ. ಅವಳೂ ಅತ್ತೆಯೆದುರು ಬಾಯಿ ಬಿಡಲಿಲ್ಲ. ಅವರಿಬ್ಬರ ಸಂಕಟ ನೋಡಿ ನಾನೂ ತುಟಿ ಹೊಲಿದುಕೊಂಡೆ.

ಮಾನ್ಯಾ ಮನೆಗೆ ಬಂದಳು, ಮಾತು ಬರಲಿಲ್ಲ. ಎಷ್ಟು ಮರಳೀತೋ ಹೇಳಲಾರೆವು ಎಂದರು ಡಾಕ್ಟರು. ಹಯವದನ ಗನ್ನು, ಸೀಸ ಎಲ್ಲವನ್ನೂ ಮನೆಯಿಂದ ಸಾಗಿಸಿದ. ಊರಿಗೆ ಹೊರಡುವ ದಿನ ತುಂಗಮ್ಮ ಸೂಟ್‌ಕೇಸಿನಲ್ಲಿ ಜಾಗ ಮಾಡಿಕೊಂಡು, “ನನ್ನ ಬಾಣಲೆ ಕೊಡು” ಎಂದರು.

“ಕಳೆದುಹೋಯ್ತು ಅಮ್ಮ.”

“ಅದನ್ನೂ ಉಳಿಸಲಿಲ್ಲ ನೀನು.”

ಏರ್‌ಪೋರ್ಟಿನಲ್ಲಿ ನಮಸ್ಕಾರಕ್ಕೆ ಬಗ್ಗಿದ ಮಗನಿಂದ ಕಾಲು ಹಿಂದಕ್ಕೆ ಎಳೆದುಕೊಂಡರು. ಇವತ್ತಿಗೂ ಅವನ ಜೊತೆ ಮಾತಿಲ್ಲ. ಭಾನುವಾರದ ಫೋನು ಪದ್ಮಳಿಗೆ ಮಾತ್ರ. ತಾಯಿಯ ದನಿಯಾದರೂ ಕಿವಿಗೆ ಬೀಳಲೆಂದು ಹಯವದನ ಪಕ್ಕದಲ್ಲೇ ನಿಂತಿರುತ್ತಾನೆ.

“ಮಗೂಗೆ ಗೊಜ್ಜನ್ನ ಹಾಕ್ತಿದೀಯಾ ಪದ್ಮಾ? ನನ್ನ ಕೈಲಿ ತಿಂದಾಗ ಎಷ್ಟು ಚೆನ್ನಾಗಿತ್ತು ಕೂಸು” ಎನ್ನುತ್ತಾರೆ ತುಂಗಮ್ಮ.

“ಹೂಂ ಅತ್ತೆ, ಹಾಕ್ತಿದೀನಿ” ಎನ್ನುತ್ತಾಳೆ ಪದ್ಮ.